ಮೂರನೆಯ ಕೂಗು

ಕೂಗಿದವರು ಕಾಣದ ಕೂಗುಗಳ ಕಥೆಯನ್ನು ನಾನು ಎಂದೂ ನಂಬಿದವನಲ್ಲ. ನಮ್ಮ ಹಾವೇರಿ ಕಡೆ ಅಂಥ ಕಥೆ ಹೇಳದ ಮನೆಯಿಲ್ಲ. ನಾನು ಕೇಳಿ, ನಕ್ಕು, ಎದ್ದು ಹೋಗುತ್ತಿದ್ದೆ. ಇದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಾನಿರುವುದು ನೆದರ್ಲ್ಯಾಂಡ್ಸಿನ ಟಿಲ್‌ಬರ್ಗಿನಲ್ಲಿ, ಒಂದು ಗೋದಾಮಿನಲ್ಲಿ ಕೆಲಸ. ನನ್ನ ಅಣ್ಣ ಅಮೆರಿಕದ ಅಯೋವಾ ರಾಜ್ಯದಲ್ಲಿ ಬೀಜ ಒಣಗಿಸುವ ಕಾರ್ಖಾನೆಯ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ. ಅವನನ್ನು ನಾನು ಭಾಯಿ ಎನ್ನುತ್ತಿದ್ದೆ. ಒಂದು ಬೇಸಿಗೆಯಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ವೀಸಾ ಕೈಗೆ ಬರುವಷ್ಟರಲ್ಲಿ ಮಣ್ಣಾಗಿ ವಾರಗಳೇ ಕಳೆದಿದ್ದವು. ತಮ್ಮನಾದ ನಾನು ಮುಖ ನೋಡಲಿಲ್ಲ, ಒಂದು ಹಿಡಿ ಮಣ್ಣು ಹಾಕಲಿಲ್ಲ. ಅವನಿಗೆ ಹೇಳಬೇಕಾದ ಕೊನೆಯ ಮಾತು ನನ್ನ ಬಾಯಲ್ಲೇ ಉಳಿಯಿತು.

ಅವನಿದ್ದಾಗ ಒಮ್ಮೆ ಅಲ್ಲಿಗೆ ಹೋಗಿದ್ದೆ. ಅವನ ಕಾರಿನಲ್ಲಿ ಕೂತು ನೋಡಿದಾಗ ಆ ಬಯಲಿಗೆ ಕೊನೆಯೇ ಇಲ್ಲ ಅನ್ನಿಸಿತ್ತು. ರಸ್ತೆಯ ಎರಡೂ ಬದಿಗೆ ಗೋವಿನಜೋಳ. "ಇಲ್ಲಿ ಕಳದು ಹೋಗಾಕ ಆಗಂಗಿಲ್ಲಲೇ," ಅಂದಿದ್ದ. "ಒಂದ ಸಾಲ ಹಿಡದು ನಡಿ, ಎಲ್ಲೋ ಒಂದ ಕಡಿ ರಸ್ತಾ ಸಿಗತೈತಿ."

ಎರಡನೆಯ ಸಲ ಹೋದಾಗ ಅದೇ ಬಯಲು ಬಾಗಿಲಿಲ್ಲದ ಕೋಣೆಯಾಗಿತ್ತು. ಅಣ್ಣನ ಮನೆಯ ಮೂರು ಕಡೆ ತಲೆಗಿಂತ ಎತ್ತರದ ಬೆಳೆ, ಒಂದು ಕಡೆ ಖಾಲಿ ರಸ್ತೆ. ಬಸ್ಸಿಲ್ಲ, ರೈಲಿಲ್ಲ, ಸೈಕಲ್ಲಿನಲ್ಲಿ ತಲುಪುವಷ್ಟು ಹತ್ತಿರ ಏನೂ ಇಲ್ಲ. ನನಗೆ ಕಾರು ಬರುವುದಿಲ್ಲ. ಅವನ ಹೆಂಡತಿ, ನನ್ನ ಭಾಭಿ, ಇದ್ದತ್‌ನಲ್ಲಿದ್ದರು. ಗಂಡ ತೀರಿದ ಮೇಲೆ ಆ ಅವಧಿ ಮುಗಿಯುವ ತನಕ ಹೆಂಗಸರು ಹೊಸ್ತಿಲು ದಾಟುವುದಿಲ್ಲ. ನೆರೆಮನೆಯ ಮುದುಕಿ ಆಗಾಗ ಆಲೂಗಡ್ಡೆ, ಚೀಸ್ ಹಾಕಿ ಬೇಯಿಸಿದ ಏನನ್ನೋ ತಂದಿಟ್ಟು ಹೋಗುತ್ತಿದ್ದಳು. "ಇದರಾಗ ಹಂದಿ ಐತೇನ ಅಂತ ಕೇಳಾಕ ನನಗ ನಾಲಿಗಿ ಏಳಂಗಿಲ್ಲ, ನೀನ ಕೇಳಪಾ," ಎಂದು ಭಾಭಿ ನನ್ನನ್ನು ಮುಂದೆ ತಳ್ಳುತ್ತಿದ್ದರು. ನಗುತ್ತಿದ್ದೆವು. ನಕ್ಕ ಮೇಲೆ ಮನೆ ಇನ್ನಷ್ಟು ಸಣ್ಣದಾಗುತ್ತಿತ್ತು. ಅವರೆದುರು ನನಗೆ ಅಳಲು ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಭಾಭಿ ಅಡುಗೆಗೆ ನಿಂತಾಗ ನಾನು ಹಿತ್ತಲು ದಾಟಿ ಬೆಳೆಯೊಳಗೆ ಹೋದೆ. ಅಳಬೇಕಿತ್ತು, ಅದಕ್ಕಷ್ಟೇ. ಯಾರಿಗೂ ಕಾಣದಿರಲೆಂದು ಸಾಲಿನಿಂದ ಸಾಲಿಗೆ ದಾಟಿ, ಕುಕ್ಕರುಗಾಲಲ್ಲಿ ಕೂತು ಅತ್ತೆ. ಎದ್ದಾಗ ದಿಕ್ಕು ತಿಳಿಯಲಿಲ್ಲ. ಸೂರ್ಯ ನೆತ್ತಿಯ ಮೇಲಿದ್ದ. ಫೋನು ಮನೆಯಲ್ಲಿ ಚಾರ್ಜಿಗಿತ್ತು. ಭಾಯಿ ಹೇಳಿದ ಹಾಗೆ ಒಂದು ಸಾಲು ಹಿಡಿದು ನಡೆದೆ. ಆ ಸಾಲು ಬಾಗಿತು, ಆಮೇಲೆ ಅಡ್ಡ ಬಿತ್ತಿದ ಸಾಲುಗಳಿಗೆ ಬಡಿದು ನಿಂತಿತು. ಅಡ್ಡ ಸಾಲು ಹಿಡಿದೆ, ಅದೂ ಬಾಗಿತು. ಎಲೆಗಳ ಅಂಚು ಕೈ ಕೊಯ್ಯುತ್ತಿತ್ತು. ಗಾಳಿಯಿಲ್ಲ, ಬೆಳೆಯೇ ಬೆವರುತ್ತಿರುವಂಥ ಸೆಕೆ. ಗಂಟಲು ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಇಲ್ಲಿ ಬಿದ್ದರೆ ಕೊಯ್ಲಿನ ತನಕ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಬಂತು.

ಆಗ ಯಾರೋ ಕರೆದರು. "ಬಟಾಣೀ..."

ಚಿಕ್ಕವನಿದ್ದಾಗ ನಾನು ಗಿಡ್ಡ. ಭಾಯಿ ಒಬ್ಬನೇ ನನ್ನನ್ನು ಹಾಗೆ ಕರೆಯುತ್ತಿದ್ದ, ಅದೂ ಹೊಲದಲ್ಲಿ, ನಾವಿಬ್ಬರೇ ಇದ್ದಾಗ. ದೊಡ್ಡವರಾದ ಮೇಲೆ ಆ ಹೆಸರು ಬಿಟ್ಟುಹೋಗಿತ್ತು.

ನಾನು ಓಗೊಡಲಿಲ್ಲ. ಇದು ನಿಮಗೆ ವಿಚಿತ್ರ ಅನ್ನಿಸಬಹುದು. ನಮ್ಮ ಅಜ್ಜಿ ಹೇಳುತ್ತಿದ್ದಳು: "ಬೆಳಿಯೊಳಗ ಯಾರರ ಕರದ್ರ ಮೂರನೇ ಸಲಕ್ಕ ಓ ಅನ್ರಿ. ದೆವ್ವಕ್ಕ ಎರಡರ ಮ್ಯಾಲ ಎಣಿಸಾಕ ಬರಂಗಿಲ್ಲ." ಭಾಯಿಗೆ ಇದೇ ಒಂದು ಆಟ. ಎರಡು ಸಲ ಕರೆದು ಸುಮ್ಮನಾಗುತ್ತಿದ್ದ. ನಾನು ಹೆದರಿ ಅಳುವ ಹೊತ್ತಿಗೆ ನಗುತ್ತಾ ಮೂರನೆಯದನ್ನು ಕೂಗುತ್ತಿದ್ದ. ಏನನ್ನೂ ನಂಬದ ನಾನು ಆ ದಿನ ಬಾಯಿ ಮುಚ್ಚಿಕೊಂಡು ನಿಂತೆ.

"ಬಟಾಣೀ..." ಎರಡನೆಯ ಸಲ.

ಮೂರನೆಯದಕ್ಕೆ ಕಾದೆ. ಬರಲಿಲ್ಲ. ದನಿ ಬಂದ ದಿಕ್ಕಿಗೇ ಮುಖ ಮಾಡಿ, ಸಾಲುಗಳನ್ನು ಮುರಿದುಕೊಂಡು ನಡೆದೆ. ಹೊರಬಿದ್ದದ್ದು ನೇರ ನಮ್ಮ ಹಿತ್ತಲಿಗೆ. ಭಾಭಿ ಹಿಂಬಾಗಿಲ ಹೊಸ್ತಿಲಲ್ಲಿ ನಿಂತಿದ್ದರು. ಕೈಯಲ್ಲಿ ಫ್ರೀಜರಿನಿಂದ ತೆಗೆದ ಬಟಾಣಿ ಪ್ಯಾಕೆಟ್ಟು.

"ಏನಪಾ, ಬಟಾಣಿ ಬಟಾಣಿ ಅಂತ ಊರಿಗೆಲ್ಲ ಕೇಳೂವಂಗ ಒದರತಿ? ಪಲಾವಿಗೆ ಹಾಕತೀನಿ ತಗೋ."

"ನಾ ಒದರಿಲ್ಲ, ಭಾಭಿ."

"ಎರಡ ಸಲ ಒದರಿದಿ. ನಾ ಏನ್ ಕಿವುಡೀನ?" ಎಂದು, ಹೊಲದ ಕಡೆ ನೋಡಿದರು. "ದನಿ ಮಾತ್ರ ಅಗದೀ ನಿಮ್ಮಣ್ಣಂದ ಆಗೇತಿ ನೋಡು." ಪ್ಯಾಕೆಟ್ಟಿನ ಮೇಲಿನ ಹಿಮ ಕರಗಿ ಹೊಸ್ತಿಲ ಮೇಲೆ ತೊಟ್ಟಿಕ್ಕುತ್ತಿತ್ತು.

ಆ ಹೆಸರು ಯಾರದೆಂದು ನಾನು ಅವರಿಗೆ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ಭಯದಲ್ಲಿ ನಾನೇ ಕೂಗಿ ಮರೆತಿರಬಹುದು ಎಂದುಕೊಂಡು ನೋಡಿದ್ದೇನೆ. ಅಣ್ಣ ತಮ್ಮಂದಿರ ದನಿ ಒಂದೇ ಥರ ಇರುವುದೂ ಉಂಟು. ಆದರೆ ನನಗೆ ಕೂಗು ಕೇಳಿದ್ದು ಮನೆಯ ಕಡೆಯಿಂದ, ಅವರಿಗೆ ಕೇಳಿದ್ದು ಹೊಲದ ಕಡೆಯಿಂದ. ಹೇಗೆ ಎಂದು ನನಗೆ ಗೊತ್ತಿಲ್ಲ.

ಇಲ್ಲಿ ಟಿಲ್‌ಬರ್ಗಿನ ಹೊರಗೂ ದನಗಳ ಮೇವಿಗೆ ಗೋವಿನಜೋಳ ಬೆಳೆಯುತ್ತಾರೆ. ನನ್ನ ಸೈಕಲ್ ದಾರಿ ಅದರ ಪಕ್ಕದಲ್ಲೇ ಹಾದುಹೋಗುತ್ತದೆ. ಬೆಳೆ ತಲೆಗಿಂತ ಎತ್ತರವಾದ ದಿನಗಳಲ್ಲಿ ನಾನು ಇಳಿದು, ಸೈಕಲ್ ತಳ್ಳಿಕೊಂಡು ನಡೆಯುತ್ತೇನೆ. ಆ ಕೂಗು ಎರಡಕ್ಕೆ ನಿಂತದ್ದು ದೆವ್ವಕ್ಕೆ ಎಣಿಕೆ ಬಾರದ್ದಕ್ಕೋ, ಅವನ ಹಳೆಯ ಆಟಕ್ಕೋ ತಿಳಿಯದು. ಆಟವೇ ಆಗಿದ್ದರೆ ಇನ್ನೊಂದು ಕೂಗು ಬಾಕಿಯಿದೆ. ಅಜ್ಜಿ ಏನೇ ಹೇಳಿರಲಿ, ಈ ಸಲ ನಾನು ಎಣಿಸುವುದಿಲ್ಲ, ಕರೆದ ಕೂಡಲೇ ಓ ಅನ್ನುತ್ತೇನೆ.