ದಿಂಬು ಕಸಿಯುವ ಕೈ

ಬೆಳಗಿನ ಐದೂವರೆ. ಸುಟ್ಟಗಾಯದ ವಾರ್ಡಿನಲ್ಲಿ ಹಾಡಹಗಲಿಗೂ ಮುಂಚೆಯೇ ದರೋಡೆ ಶುರುವಾಗಿದೆ. ಕಳ್ಳರನ್ನು ವಾಸನೆಯಲ್ಲೇ ಹಿಡಿಯುವ ವರದಿಗಾರ ನಾನು. ಇಷ್ಟು ರಾಜಾರೋಷದ ಕಳ್ಳಿಯನ್ನು ಮೂರು ಲೋಕದಲ್ಲೂ ಕಂಡಿಲ್ಲ. ಏಳನೇ ಮಂಚದ ಹುಡುಗಿಯ ತಲೆಯಡಿಯಿಂದ ದಿಂಬನ್ನು ಸರಕ್ಕನೆ ಎಳೆದು, ಹೆಗಲ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಡುತ್ತಾಳೆ. ಗದ್ದ ಮೇಲೇರುತ್ತದೆ. ಹುಡುಗಿ ಚೀರುತ್ತಾಳೆ.

"ನಿನಗೆ ಹೆಣ್ಣುಮಕ್ಕಳಿಲ್ವೇನೇ, ರಾಕ್ಷಸಿ?" ತಾಯಿ ಹರಿಹಾಯುತ್ತಾಳೆ.

"ಇದಾಳಮ್ಮ, ಅವಳದೂ ಇದೇ ಬಾಯಿ. ಬೈಕೋ. ದಿಂಬು ಮಾತ್ರ ಕೊಡಲ್ಲ."

ಈಕೆ ವಾರ್ಡಿನ ಆಯಾ. ಊರಿಗೆಲ್ಲ 'ದಿಂಬುಗಳ್ಳಿ'. ಸುಟ್ಟ ಕತ್ತಿನ ಹೊಸ ಚರ್ಮ ಮಹಾ ಜಿಪುಣ. ವಾಸಿಯಾಗುತ್ತಲೇ ಬಿಗಿದು ಗದ್ದವನ್ನು ಎದೆಗೆ ಹೊಲಿದುಬಿಡುತ್ತದೆ. ತಲೆ ಬಗ್ಗಿಸುವ ದಿಂಬೇ ಅದಕ್ಕೆ ಸೂಜಿದಾರ. ಬಿಡಿಸಬೇಕೆಂದರೆ ಮತ್ತೆ ಕೊಯ್ಯಬೇಕು, ಮತ್ತೆ ತೊಡೆಯ ಚರ್ಮ ತಂದು ಅಂಟಿಸಬೇಕು. ದಿನಕ್ಕೆ ಹತ್ತಾದರೂ ದಿಂಬು ಇವಳ ಕೈಗೆ ಸಿಗುತ್ತವೆ. ದಿಂಬಿಲ್ಲದವರು ಸ್ವೆಟರ್, ಊಟದ ಚೀಲ ಇಡುತ್ತಾರೆ. ಒಬ್ಬ ಮಾವ ತನ್ನ ಚಪ್ಪಲಿಯನ್ನೇ ಇಟ್ಟಿದ್ದನಂತೆ!

ಇಪ್ಪತ್ತೊಂದು ವರ್ಷದ ಹಿಂದೆ ಸ್ಟೌ ಸಿಡಿದು ಇವಳ ತಂಗಿಯೂ ಇದೇ ವಾರ್ಡಿಗೆ ಬಂದಿದ್ದಳು. "ನೋವು ಅಂತಾಳಲ್ಲ ಅಂತ ಮೆತ್ತಗಿರೋ ದಿಂಬು ಹುಡುಕಿ ನಾನೇ ಇಟ್ಟೆ. ಯಾರೊಬ್ಬರೂ ಬೇಡ ಅನ್ನಲಿಲ್ಲ. ಈಗ ನನ್ನ ಮುಖ ನೋಡಬೇಕಂದ್ರೆ ಅವಳು ಸೊಂಟಾನೇ ಹಿಂದಕ್ಕೆ ಬಗ್ಗಿಸ್ತಾಳೆ."

ಏಳನೇ ಮಂಚದ ತಾಯಿ ಬೈಗುಳ ನುಂಗಿ, ಜಾರಿದ ಟವೆಲನ್ನು ತಾನೇ ಸರಿಪಡಿಸುತ್ತಾಳೆ.

ಇಂಥವಳಿಗೆ ಸಿಕ್ಕ ಬಹುಮಾನ ಕೇಳಿ. ಹೋದ ವಾರ ದಾನಿಯೊಬ್ಬರು ಮೂವತ್ತೆರಡು ದಿಂಬು ಕೊಟ್ಟರು. ಆನೆಗೂ ಭಾರವಾಗುವ ಹಾರ ಹಾಕಿಸಿಕೊಂಡರು. ಫೋಟೊಗೆಂದು ಆಡಳಿತ ಕಚೇರಿ ಎಲ್ಲ ತಲೆಗಳಡಿಗೂ ಒಂದೊಂದು ಇಡಿಸಿತು. ಹಾರ ಬಾಡುವ ಮೊದಲೇ ಇವಳು ಕತ್ತು ಸುಟ್ಟ ಹನ್ನೊಂದು ಮಂದಿಯ ದಿಂಬು ಎತ್ತಿದಳು. ಕೈಗೆ ಬಂತು ನೋಟಿಸು: 'ರೋಗಿಗಳ ಸೌಕರ್ಯಕ್ಕೆ ಅಡ್ಡಿ.' ಸೋಮವಾರದಿಂದ ಬಟ್ಟೆ ಒಗೆಯುವ ವಿಭಾಗಕ್ಕೆ ವರ್ಗ! ದಿಂಬು ಬೇಡವೆಂದು ಚೀಟಿ ಬರೆಯುವ ದೊಡ್ಡ ಡಾಕ್ಟರಿಗೆ ಈ ವರ್ಗ ಬೇಡವೆನ್ನಲು ಮಾತ್ರ ಪೆನ್ನು ಸಿಗಲಿಲ್ಲ. ಆ ಮೂವತ್ತೆರಡು ದಿಂಬುಗಳಲ್ಲಿ ಇರುವುದಕ್ಕಿಂತ ಹೆಚ್ಚು ಹತ್ತಿ ಆ ಕಚೇರಿಯ ತಲೆಗಳಲ್ಲಿದೆ.

ನಾನು ಕುದಿಯುತ್ತಿದ್ದರೆ ಇವಳು ನಗುತ್ತಾಳೆ. ಏನೂ ಆಸೆಯಿಲ್ಲವೇ ಎಂದು ಕೇಳಿದೆ.

"ಒಂದಿದೆ. ಸೋಮವಾರ ಇನ್ನೊಬ್ಬಳು ಬರ್ತಾಳಲ್ಲ, ಅವಳಿಗೂ ಜನ ಚೆನ್ನಾಗಿ ಬೈಬೇಕು. ಬೈತಿಲ್ಲ ಅಂದ್ರೆ ಅವಳು ಕೆಲಸ ಮಾಡ್ತಿಲ್ಲ ಅಂತ."