ಅಯ್ಯಾವು ಬೀಗ ಹಾಕಿಟ್ಟ ಹಾಡಿನ ಪೆಟ್ಟಿಗೆ

ತೇನಿಯ ಬಳಿಯ ಓಡೈಪಟ್ಟಿಯಲ್ಲಿ ತಮಿಳು ಬೆರೆತ ಕನ್ನಡವಾಡುವ ಅಯ್ಯಾವು ತನ್ನ ನೆರಳು ಬೆನ್ನಿಗೆ ಬಂದರೂ ಒಮ್ಮೆ ತಿರುಗಿ ನೋಡಿಯೇ ಮುಂದಿನ ಹೆಜ್ಜೆ ಇಡುವ ಆಸಾಮಿ. ಹಾಲಿನವನ ಪಾತ್ರೆಗೆ ಬೆರಳದ್ದಿ ನೋಡುತ್ತಾನೆ, ಅಂಗಡಿಯ ಉಪ್ಪನ್ನು ನಾಲಿಗೆಗಿಟ್ಟು ನೋಡುತ್ತಾನೆ. ಮನೆಯ ಬಕೆಟ್ಟು, ಗುದ್ದಲಿ, ಕಡೆಗೆ ಟಿಫಿನ್ ಕ್ಯಾರಿಯರ್ ಮೇಲೂ ದ್ರಾಕ್ಷಿ ಪೆಟ್ಟಿಗೆಗೆ ಬಳಿಯುವ ಕೆಂಪು ಪೇಂಟಿನಿಂದ ಒಂದು ಅಡ್ಡಗೆರೆ ಎಳೆದಿದ್ದಾನೆ, ಯಾರೂ ಅದಲುಬದಲು ಮಾಡಬಾರದೆಂದು. ಹುಟ್ಟಿನಿಂದ ಹೀಗಿದ್ದವನೇನಲ್ಲ. ಹೊಸದಾಗಿ ಚಪ್ಪರ ಹಾಕಿದ ಕಾಲದಲ್ಲಿ ಒಬ್ಬ ಪುಣ್ಯಾತ್ಮ ಪನ್ನೀರ್ ದ್ರಾಕ್ಷಿ ಎಂದು ಆಣೆಯಿಟ್ಟು ಸಸಿ ಕೊಟ್ಟಿದ್ದ. ಮಗುವಿನ ಹಾಗೆ ಸಾಕಿದ ಮೇಲೆ ಬಳ್ಳಿ ಬಿಟ್ಟದ್ದು ಹಂದಿಯೂ ಮೂಸದ ಹುಳಿ ಹಣ್ಣು. ಅವತ್ತು ಹೊಕ್ಕ ಸಂಶಯ ಮತ್ತೆ ಹೊರಗೆ ಹೋಗಲಿಲ್ಲ.

ಇಂಥವನು ಒಂದೇ ಒಂದು ಸಲ ಮನಸ್ಸು ಸೋತ. ಕೊಡೈಕಾನಲ್‌ನ ಹೋಟೆಲೊಂದಕ್ಕೆ ಹಣ್ಣು ಇಳಿಸಲು ಹೋದಾಗ ಒಳಗಿನ ಹಜಾರದಲ್ಲಿ ನಾಗಸ್ವರ ಕೇಳಿಸಿತು. ಜೊತೆಗಿನ ತವಿಲು ಡೋಲಿನ ಪೆಟ್ಟು ಎದೆಗೇ ಬಿದ್ದಂತಿತ್ತು. ಅಯ್ಯಾವು ಪರದೆ ಸರಿಸಿ ನೋಡಿದ, ಬಾಗಿಲ ಹಿಂದೆ ನೋಡಿದ, ನುಡಿಸುವವರನ್ನು ಎಲ್ಲೋ ಬಚ್ಚಿಟ್ಟಿದ್ದಾರೆ ಎಂದೇ ನಂಬಿದ. ಅಲ್ಲಿದ್ದದ್ದು ಆಳೆತ್ತರದ ಎರಡು ಸ್ಪೀಕರು, ಜಪಾನಿನಿಂದ ಬಂದ ಒಂದು ಕಪ್ಪು ಆಂಪ್ಲಿಫೈಯರ್ ಪೆಟ್ಟಿಗೆ, ಅಷ್ಟೇ. ಇಳಿಯುವ ದಾರಿಯುದ್ದಕ್ಕೂ ಅವನ ಕಿವಿಯಲ್ಲಿ ಅದೇ ಗುಂಗು.

ತೇನಿಯಲ್ಲಿ ಟಿವಿ, ಮಿಕ್ಸಿ ಮಾರುವ ಅಂಗಡಿ ಇಟ್ಟಿದ್ದ ರಾಜ್‌ಕುಮಾರ್ ಅಯ್ಯಾವುವಿನ ಹೆಂಡತಿ ಗೋವಿಂದಮ್ಮಾಳಿನ ಒಬ್ಬನೇ ತಮ್ಮ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಆಕೆಗೆ ತವರು ಅಂತ ಉಳಿದದ್ದು ಅವನೊಬ್ಬ. ಅಂಥದೇ ವಿದೇಶಿ ಸೆಟ್ಟುಗಳ ಏಜೆನ್ಸಿಯನ್ನು ಚೆನ್ನೈನ ಕಂಪನಿಯೊಂದು ಆಗಷ್ಟೇ ಅವನಿಗೆ ಕೊಟ್ಟಿತ್ತು. ತಾನು ಮಾಮಾ ಎಂದು ಕರೆಯುವ ಭಾವನೇ ಮೊದಲ ಗಿರಾಕಿ ಎಂದು ಹುಡುಗ ಕುಣಿದುಬಿಟ್ಟ. ತಾನೇ ವ್ಯಾನಿನಲ್ಲಿ ತಂದು, ಪಡಸಾಲೆಯಲ್ಲಿ ಜೋಡಿಸಿ, ನಾಗಸ್ವರ ಹಚ್ಚಿದ. ಅಯ್ಯಾವುವಿನ ಕಣ್ಣು ತುಂಬಿ ಬಂತು. "ಗಂದಗದ ಪುಡಿ ಬಿತ್ತು" ಎಂದು ಪಂಚೆಯ ತುದಿಯಿಂದ ಒರೆಸಿಕೊಂಡ. ಬಳ್ಳಿಯ ಬೂದಿ ರೋಗಕ್ಕೆ ಗಂಧಕ ಎರಚಿ ಆಗಷ್ಟೇ ಬಂದಿದ್ದನಾದ್ದರಿಂದ ಯಾರೂ ತಮಾಷೆ ಮಾಡಲಿಲ್ಲ.

ಕೆಲವು ತಿಂಗಳು ಕಳೆದ ಮೇಲೆ ಎಡಗಡೆಯ ಸ್ಪೀಕರು ಹಾವಿನಂತೆ ಬುಸುಗುಟ್ಟಿ ಸುಮ್ಮನಾಯಿತು. ಕೆಟ್ಟಿದ್ದು ಆಂಪ್ಲಿಫೈಯರು. ವಾರಂಟಿ ಇತ್ತು, ರಾಜ್‌ಕುಮಾರ್ ಅದನ್ನು ದಿಂಡಿಗಲ್ಲಿನ ಸರ್ವಿಸ್ ಸೆಂಟರಿಗೆ ಒಯ್ದು, ಒಳಗಿನ ಬೋರ್ಡು ಬದಲಿಸಿ ತಂದುಕೊಟ್ಟ. ಹಾಡಿತು. ಮತ್ತೆ ಕೆಟ್ಟಿತು. ಮತ್ತೆ ಒಯ್ದ, ಮತ್ತೆ ತಂದ. ಅಷ್ಟರಲ್ಲಿ ಅಯ್ಯಾವುವಿನ ತಲೆಯೊಳಗೆ ಹುಳ ಹೊಕ್ಕಾಗಿತ್ತು. ಒಳ್ಳೆಯ ಬೋರ್ಡು ತೆಗೆದು ಹಳೇದನ್ನು ತುರುಕುತ್ತಿದ್ದಾರೆ. ತುರುಕುವವರು ದಿಂಡಿಗಲ್ಲಿನವರೋ, ಒಯ್ಯುವವನೋ?

ಮೂರನೆಯ ಸಲ ಪೆಟ್ಟಿಗೆಯ ಒಂದೊಂದು ಸ್ಕ್ರೂಗೂ ಕೆಂಪು ಪೇಂಟು ಬಳಿದು, ಅದನ್ನು ತೊಡೆಯ ಮೇಲಿಟ್ಟುಕೊಂಡು ತಾನೇ ಬಸ್ಸು ಹತ್ತಿದ. ಸರ್ವಿಸ್ ಸೆಂಟರಿನ ಹುಡುಗಿ ಮುಚ್ಚಳ ಬಿಚ್ಚುವಾಗ ಅವಳ ಕೈಯನ್ನೇ ಗಿಡುಗನಂತೆ ನೋಡುತ್ತ ನಿಂತ. ಬೋರ್ಡಿನ ತಾಮ್ರದ ಗೆರೆಗಳು ಮಸಿ ಬಳಿದಂತೆ ಕಪ್ಪಾಗಿದ್ದವು. ಆಕೆ ತಮಿಳಿನಲ್ಲಿ ಕೇಳಿದಳು: "ಅಯ್ಯಾ, ನಿಮ್ಮ ಮನೆ ಹತ್ತಿರ ಚರಂಡಿ ಇದೆಯಾ? ಕೆಮಿಕಲ್ ಫ್ಯಾಕ್ಟರಿ ಏನಾದರೂ?"

ಅಯ್ಯಾವುವಿಗೆ ಮೈಯೆಲ್ಲ ಉರಿದುಹೋಯಿತು. ಮೇಘಮಲೆಯ ಗಾಳಿ ಕುಡಿಯುವ ಊರಿನವನ ಮನೆಯನ್ನು ಚರಂಡಿ ಅನ್ನುವುದೇ! ವಾರಂಟಿ ತಪ್ಪಿಸಿಕೊಳ್ಳುವ ಹೊಸ ದಾರಿ ಇದು ಎಂದು ಅಲ್ಲೇ ಕೂಗಾಡಿದ. ಕಂಪನಿಯವರೂ ಬಿಡಲಿಲ್ಲ, ಜಾಗದ ಗಾಳಿ ಸರಿಯಿಲ್ಲ, ಇನ್ನು ರಿಪೇರಿ ಇಲ್ಲ ಎಂದುಬಿಟ್ಟರು. ಆಗ ನಡುವೆ ನಿಂತವನು ರಾಜ್‌ಕುಮಾರ್. ಚೆನ್ನೈಗೆ ಫೋನಿನ ಮೇಲೆ ಫೋನು ಮಾಡಿ, ಅವರು ನನ್ನ ಅಕ್ಕನ ಗಂಡ, ಸುಳ್ಳು ಹೇಳುವವರಲ್ಲ, ನಾನು ಜವಾಬ್ದಾರಿ ಎಂದು ಅಂಗಲಾಚಿ, ಹೊಚ್ಚ ಹೊಸ ಪೆಟ್ಟಿಗೆಯನ್ನೇ ಕೊಡಿಸಿದ. ಸಂಶಯದವನಿಗೆ ಉಪಕಾರವೂ ಸಂಶಯವೇ. ತಪ್ಪು ಇಲ್ಲದಿದ್ದರೆ ಇವನಿಗೇಕೆ ಇಷ್ಟು ಆತುರ ಎಂದುಕೊಂಡ ಅಯ್ಯಾವು.

ಹೊಸ ಪೆಟ್ಟಿಗೆಯನ್ನು ಪಡಸಾಲೆಯಲ್ಲಿ ಇಡಲಿಲ್ಲ. ಹೋಗಿ ಬರುವವರು ಮುಟ್ಟುತ್ತಾರೆ, ತಿರುವುತ್ತಾರೆ. ಅವನ ಮನೆಯಲ್ಲಿ ಒಂದು ಒಳಕೋಣೆಯಿತ್ತು. ಅಪ್ಪನ ಕಾಲದ್ದು, ದಪ್ಪ ಗೋಡೆ, ಮಣಭಾರದ ಬೀಗ. ದ್ರಾಕ್ಷಿ ಬೆಳೆಯುವವರ ಮನೆಯಲ್ಲಿ ಗಂಧಕ, ಮೈಲುತುತ್ತಕ್ಕೆ ತೇವ ತಗಲಬಾರದು, ಆದ್ದರಿಂದ ಎಲ್ಲಕ್ಕಿಂತ ಒಣಗಿದ, ಭದ್ರವಾದ ಜಾಗ ಅವಕ್ಕೇ ಮೀಸಲು. ಬೆಲೆಬಾಳುವುದೆಲ್ಲ ಅಲ್ಲಿಯೇ ಸೇರುತ್ತದೆ. ಅಯ್ಯಾವು ಪೆಟ್ಟಿಗೆಯನ್ನೂ ಸ್ಪೀಕರನ್ನೂ ಅಲ್ಲಿಗೆ ಸಾಗಿಸಿದ. ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಬಿಗಿದ, ಯಾರೂ ಇಣುಕಬಾರದೆಂದು. ಸಂಜೆ ಒಳಗಿನಿಂದ ಅಗುಳಿ ಹಾಕಿಕೊಂಡು, ಗಂಧಕದ ಮೂಟೆಯ ಮೇಲೆ ಕುಳಿತು, ಒಬ್ಬನೇ ನಾಗಸ್ವರ ಕೇಳುತ್ತಿದ್ದ. ಹೊರಗೆ ಅವನ ಏಳು ವರ್ಷದ ಮಗಳು ತೇನ್‌ಮೊಳಿ ಬಾಗಿಲಿಗೆ ಕಿವಿಯಾನಿಸಿ ಕೂರುತ್ತಿದ್ದಳು. ಬಾಗಿಲು ತೆರೆಯುತ್ತಿರಲಿಲ್ಲ.

ಹೊಸ ಪೆಟ್ಟಿಗೆ ಎರಡು ತಿಂಗಳೂ ಬಾಳಲಿಲ್ಲ.

ಈಗ ಅಯ್ಯಾವುವಿಗೆ ಎಲ್ಲ ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟ. ಬೀಗದ ಕೈ ತನ್ನ ಸೊಂಟದಲ್ಲಿ, ಮುಟ್ಟಿದವರು ಯಾರೂ ಇಲ್ಲ. ಅಂದಮೇಲೆ ಬಂದದ್ದೇ ಕೆಟ್ಟ ಸರಕು. ಎಲ್ಲೋ ಕೆಟ್ಟದ್ದನ್ನು ತೊಳೆದು ಹೊಸದೆಂದು ಕೊಟ್ಟಿದ್ದಾನೆ ಭಾಮೈದ. ಬೇಲಿಯೇ ಎದ್ದು ಹೊಲ ಮೇಯ್ದಿದೆ! ಅದೇ ವಾರ ರಾಜ್‌ಕುಮಾರನ ಮನೆಯಲ್ಲಿ ಹಬ್ಬದೂಟವಿತ್ತು. ಅಯ್ಯಾವು ಹೋದ, ಎಲೆಯ ಮುಂದೆ ಕೂರಲಿಲ್ಲ, ನೀರು ಮುಟ್ಟಲಿಲ್ಲ, ಬಾಗಿಲಲ್ಲಿ ನಿಂತು ಹಿಂದಿರುಗಿದ. ಆ ಸೀಮೆಯಲ್ಲಿ ಸಂಬಂಧ ಮುರಿಯುವುದಕ್ಕೆ ಜಗಳ ಬೇಕಿಲ್ಲ. ಬಂದ ಮನೆಯಲ್ಲಿ ಕೈ ನನೆಸದೆ ಎದ್ದು ಬಂದರೆ ಸಾಕು, ಊರೆಲ್ಲ ಅರ್ಥ ಮಾಡಿಕೊಳ್ಳುತ್ತದೆ. ಮರುದಿನ ಪಕ್ಕದ ಬೀದಿಯ ಸೇಕರನ ಕಂಪ್ಯೂಟರಿನಿಂದ ಚೆನ್ನೈನ ಕಂಪನಿಗೆ ದೂರು ಹೋಯಿತು: ನಿಮ್ಮ ತೇನಿ ಏಜೆಂಟ್ ಹಳೆಯ ಸರಕು ಮಾರುವ ಮೋಸಗಾರ.

ಮನೆಗೆ ಬಂದು ಹೆಂಡತಿಗೆ ಹೇಳಿದ: "ಇನ್ಮೇಲೆ ಅವ್ನು ಈ ಮನೆ ವಾಸಲ್ ತುಳೀಬಾರ್ದು. ತೇನ್‌ಮೊಳಿಗೆ ಕಿವಿ ಕುತ್ತೋದು ಪಿಚ್ಚೈ ಮಡ್ಲಲ್ಲಿ ಆಗ್ಲಿ."

ಪಿಚ್ಚೈ ಗೋವಿಂದಮ್ಮಾಳಿಗೆ ದೂರದ ಅಣ್ಣ, ವರಸೆಗೆ ಮಾತ್ರ ಅಣ್ಣ. ಮಗುವಿಗೆ ಕಿವಿ ಚುಚ್ಚುವಾಗ ಸೋದರಮಾವನ ಮಡಿಲಲ್ಲೇ ಕೂರಿಸಬೇಕು, ಓಲೆ ಅವನೇ ತರಬೇಕು. ಸ್ವಂತ ತಮ್ಮ ಬದುಕಿರುವಾಗ ಇನ್ನೊಬ್ಬನ ಮಡಿಲು ಹುಡುಕುವುದೆಂದರೆ ತಮ್ಮ ಸತ್ತನೆಂದು ಸಾರಿದಂತೆ. ಗೋವಿಂದಮ್ಮಾಳ್ ಅವತ್ತು ಒಲೆ ಹಚ್ಚಲಿಲ್ಲ.

"ಪೆಟ್ಟಿಗೆ ಹಾಡ್ದಿದ್ರೆ ಬೇರೆ ಪೆಟ್ಟಿಗೆ ಸಿಕ್ಕತ್ತೆ. ನಂಗೆ ಬೇರೆ ತಮ್ಮ ಎಲ್ಲಿ ಸಿಕ್ತಾನೆ, ಹೇಳುಂಗ" ಎಂದಳು. ಅಯ್ಯಾವು ಎದ್ದು ತೋಟಕ್ಕೆ ಹೋದ.

ಶಾಸ್ತ್ರ ಹತ್ತಿರ ಬಂತು. ತೇನ್‌ಮೊಳಿ ಹುಟ್ಟಿದಾಗ ರಾಜ್‌ಕುಮಾರ್ ಬೆಳ್ಳಿಯ ಕಾಲ್ಗೆಜ್ಜೆ ತಂದಿದ್ದ. ಕಳೆದುಹೋದೀತೆಂದು ಅಯ್ಯಾವು ಅದನ್ನೂ ಆ ವರ್ಷ ಒಳಕೋಣೆಯ ಬೀರುವಿಗೆ ಸೇರಿಸಿದ್ದ. ಈಗ ತೆಗೆದು ನೋಡಿದರೆ ಗೆಜ್ಜೆ ಇದ್ದಿಲಿನಂತೆ ಕರ್ರಗಾಗಿದೆ! ಅಯ್ಯಾವುವಿಗೆ ಸಿಟ್ಟಿಗಿಂತ ಹೆಚ್ಚಾಗಿ ಖುಷಿಯೇ ಆಯಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಆ ಕಣ್ಣಿಗೆ ಸಾಕ್ಷಿಯೂ ಸಿಕ್ಕಿಬಿಟ್ಟರೆ ಕೇಳಬೇಕೆ?

"ನೋಡು, ನಿನ್ ತಮ್ಮನ ಲಚ್ಚಣ!" ಎಂದು ಗೆಜ್ಜೆಯನ್ನು ಅಡಿಗೆಮನೆಯಲ್ಲಿ ಹೆಂಡತಿಯ ಮುಂದೆ ಎಸೆದ. "ಹಸುಗೂಸಿಗೂ ಸೀಸಕ್ಕೆ ಬೆಳ್ಳಿ ಬಣ್ಣ ಹಾಕಿ ಕೊಟ್ಟವ್ನೆ. ಶಾಸ್ತ್ರದ ದಿನ ನಾಕು ಜನದ ಮುಂದೆ ಇಡ್ತೀನಿ ಇದನ್ನ."

ಗೋವಿಂದಮ್ಮಾಳ್ ಗೆಜ್ಜೆ ಎತ್ತಿಕೊಂಡಳು. ಅವನ ಸೊಂಟದಿಂದ ಬೀಗದ ಕೈ ಕಿತ್ತುಕೊಂಡು ಒಳಕೋಣೆಗೆ ಹೋದಳು. ಮದುವೆಯಾಗಿ ಬಂದ ಮೇಲೆ ಆಕೆ ಹಾಗೆ ಮಾಡಿದ್ದು ಅದೇ ಮೊದಲು. ಅದೇ ಬೀರುವಿನಿಂದ ಒಂದು ಕುಂಕುಮದ ಭರಣಿ ತಂದು ಗೆಜ್ಜೆಯ ಪಕ್ಕ ಇಟ್ಟಳು. ಅಯ್ಯಾವುವಿನ ತಾಯಿ ವೆಳ್ಳೈಯಮ್ಮಾಳ್ ಸಾಯುವ ಮುಂಚೆ ಸೊಸೆಯ ಕೈಗಿಟ್ಟಿದ್ದ ಬೆಳ್ಳಿಯ ಭರಣಿ ಅದು. ಅದೂ ಅಷ್ಟೇ ಕಪ್ಪು.

"ಅಂಗಾದ್ರೆ ನಿಮ್ಮವ್ವನೂ ಕಳ್ಳಿಯಾ?" ಎಂದಳು.

ಆಕೆ ಹುಣಸೆಹಣ್ಣು ಹಚ್ಚಿ ಎರಡನ್ನೂ ತಿಕ್ಕುತ್ತ ಕುಳಿತಳು. ತಿಕ್ಕಿ ತಿಕ್ಕಿ ಕಪ್ಪು ಬಿಟ್ಟಿತು, ಭರಣಿಯಲ್ಲೂ ಬೆಳ್ಳಿ, ಗೆಜ್ಜೆಯಲ್ಲೂ ಬೆಳ್ಳಿ. "ಪಡಸಾಲೇಲಿ ಇದ್ದಾಗ ಭರಣಿ ಹಿಂಗಿರ್ಲಿಲ್ಲೆ. ಆ ರೂಮು ಸೇರಿದ್ಮೇಲೆ ಹಿಂಗಾತು" ಎಂದಳು ಆಕೆ, ತಲೆಯೆತ್ತದೆ.

ಅಯ್ಯಾವು ಒಳಕೋಣೆಯ ಹೊಸ್ತಿಲಲ್ಲಿ ಹೋಗಿ ನಿಂತ. ಹುಟ್ಟಿದಂದಿನಿಂದ ಆ ವಾಸನೆಯಲ್ಲೇ ಬೆಳೆದವನಿಗೆ ಅದು ವಾಸನೆ ಅಂತ ಅನಿಸಿಯೇ ಇರಲಿಲ್ಲ. ಈಗ ಮೂಗು ಅರಳಿಸಿ ಎಳೆದುಕೊಂಡ. ಗಂಧಕ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟುವಷ್ಟು ಗಂಧಕ. ಬೆಳ್ಳಿಯನ್ನು ಕಪ್ಪು ಮಾಡಿದ್ದು ತಾಮ್ರದ ಗೆರೆಯನ್ನು ಬಿಟ್ಟೀತೆ? ದಿಂಡಿಗಲ್ಲಿನ ಹುಡುಗಿ ಕೇಳಿದ್ದು ಇದನ್ನೇ. ಬಾಗಿಲ ಸಂದಿಯಿಂದ ಸೋರಿದ ಗಾಳಿ ಕುಡಿದೂ ಪಡಸಾಲೆಯಲ್ಲಿ ಅಷ್ಟಿಷ್ಟು ಬದುಕಿದ್ದ ಪೆಟ್ಟಿಗೆಯನ್ನು ತಂದು ಮೂಟೆಯ ಪಕ್ಕ ಕೂರಿಸಿ ಬೀಗ ಹಾಕಿದವನು ಯಾರು? ಲೋಕವನ್ನೆಲ್ಲ ಸಂಶಯಿಸಿದವನು ತಾನು ಕುಳಿತ ಮೂಟೆಯನ್ನು ಮಾತ್ರ ಸಂಶಯಿಸಲಿಲ್ಲ. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು ಅವನ ಕಥೆ.

ಮುಖ ತೊಳೆದುಕೊಳ್ಳದೆ ತೇನಿಯ ಬಸ್ಸು ಹತ್ತಿದ. ರಾಜ್‌ಕುಮಾರನ ಅಂಗಡಿಯ ಮುಂದೆ ಆ ವಿದೇಶಿ ಕಂಪನಿಯ ನೀಲಿ ಬೋರ್ಡು ಇದ್ದ ಜಾಗದಲ್ಲಿ ಬರೀ ಮೊಳೆಗಳಿದ್ದವು. ಒಳಗೆ ಸೆಟ್ಟುಗಳಿದ್ದ ಗೋಡೆ ಬೋಳು. ದೂರು ಮುಟ್ಟಿದ ಮೇಲೆ ಚೆನ್ನೈನವರು ಬಂದು ಎಲ್ಲ ಕಟ್ಟಿಕೊಂಡು ಹೋಗಿದ್ದರು. ರಾಜ್‌ಕುಮಾರ್ ಒಂದು ಹಳೆಯ ಫ್ಯಾನು ಬಿಚ್ಚುತ್ತ ಕುಳಿತಿದ್ದ.

"ಮಾಪ್ಳೆ, ತಪ್ಪು ನಂದು. ಗಂದಗ... ಗಂದಗದಿಂದ ಆಗಿದ್ದು ಎಲ್ಲಾ" ಎಂದ ಅಯ್ಯಾವು, ಬಾಗಿಲಲ್ಲೇ ನಿಂತು, ಭಾಮೈದನನ್ನು ಎಂದಿನ ಹಾಗೆ ಮಾಪ್ಳೆ ಎಂದೇ ಕರೆದು. "ಚೆನ್ನೈಗೆ ನಾನೇ ಹೋಗಿ ಹೇಳ್ತೀನಿ."

"ಸೊಲ್ಲುಂಗ ಮಾಮಾ" ಎಂದ ಅವನು, ಫ್ಯಾನಿನಿಂದ ಕಣ್ಣೆತ್ತದೆ. "ಆದ್ರೆ ಅವ್ರು ಈಗ ಯಾರನ್ನೂ ನಂಬಲ್ಲೆ. ನಿಮ್ಮನ್ನೂ."

"ಕಿವಿ ಕುತ್ತೋದಕ್ಕೆ ಬತ್ತೀಯಲ್ಲ?"

"ಕೂಸು ಏನ್ ಮಾಡ್ತು ಪಾಪ" ಎಂದಷ್ಟೇ ಹೇಳಿದ.

ಬಂದ. ಮನೆದೇವರ ಗುಡಿಯ ಮುಂದೆ ಹಣ್ಣು, ಹೂವು, ರೇಷ್ಮೆ ಲಂಗ ತುಂಬಿದ ತಟ್ಟೆಗಳೊಂದಿಗೆ, ಸೋದರಮಾವ ಬರಬೇಕಾದ ಹಾಗೆಯೇ ಬಂದ. ಏಜೆನ್ಸಿ ಹೋದವನು ಎಂದು ಯಾರೂ ಹೇಳಲಾಗದಂತೆ ಬಂದ. ತೇನ್‌ಮೊಳಿಯನ್ನು ಮಡಿಲಲ್ಲಿ ಕೂರಿಸಿಕೊಂಡು, ಓಲೆಯ ಪುಟ್ಟ ಡಬ್ಬಿಯನ್ನು ಎಲ್ಲರ ಮುಂದೆ ಅಯ್ಯಾವುವಿನ ಕಡೆ ಚಾಚಿದ.

"ಉಜ್ಜಿ ನೋಡುಂಗ ಮಾಮಾ. ಪರವಾಯಿಲ್ಲೆ."

ಉಪ್ಪನ್ನೂ ರುಚಿ ನೋಡಿ ಕೊಳ್ಳುವ ಆಸಾಮಿ ಅವತ್ತು ಡಬ್ಬಿಯ ಮುಚ್ಚಳ ಕೂಡ ತೆರೆಯದೆ ಅಕ್ಕಸಾಲಿಗನ ಕೈಗೆ ದಾಟಿಸಿದ. ಕಿವಿ ಚುಚ್ಚಿದರು, ತೇನ್‌ಮೊಳಿ ಊರಿಗೆ ಕೇಳುವಂತೆ ಕಿರುಚಿ ಮಾವನ ಕುತ್ತಿಗೆ ತಬ್ಬಿಕೊಂಡಳು. ಅವನು ಅವಳ ಬಾಯಿಗೆ ಬೆಲ್ಲ ಇಟ್ಟು, ಕಣ್ಣು ಒರೆಸಿ, ಅಳು ನಿಲ್ಲುವವರೆಗೂ ಹಾಗೆಯೇ ಕುಳಿತಿದ್ದ.

ಪಂಕ್ತಿಗೆ ಎಲೆ ಹಾಕಿದರು. ಮೊದಲ ಎಲೆ ಸೋದರಮಾವನದು. ಅಯ್ಯಾವು ತಾನೇ ಚೊಂಬಿನಲ್ಲಿ ನೀರು ಹಿಡಿದು ಅವನ ಕೈ ತೊಳೆಸಲು ಬಂದು ನಿಂತ. ರಾಜ್‌ಕುಮಾರ್ ವಾಚು ನೋಡಿಕೊಂಡ. "ಬಸ್ಸಿಗೆ ಹೊತ್ತಾತು ಅಕ್ಕಾ" ಎಂದು ಅಕ್ಕನಿಗೆ ಹೇಳಿದ. ಕೈ ಚಾಚಲಿಲ್ಲ.

ಗೋವಿಂದಮ್ಮಾಳ್ ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಸರಸರನೆ ಅನ್ನ, ಸಾಂಬಾರು, ಪಾಯಸ ಎಲ್ಲವನ್ನೂ ಟಿಫಿನ್ ಕ್ಯಾರಿಯರಿಗೆ ತುಂಬಿ ತಮ್ಮನ ಕೈಗಿಟ್ಟಳು. ಅಕ್ಕನ ಕೈಯದನ್ನು ಬೇಡವೆನ್ನಲು ಅವನಿಗೆ ಆಗಲಿಲ್ಲ. ಕ್ಯಾರಿಯರಿನ ಮೇಲೆ ಅಯ್ಯಾವು ಎಳೆದ ಕೆಂಪು ಗೆರೆ ಎದ್ದು ಕಾಣುತ್ತಿತ್ತು. ರಾಜ್‌ಕುಮಾರ್ ಅದರ ಮೇಲೆ ಹೆಬ್ಬೆರಳಾಡಿಸಿ ನೋಡಿದ.

"ಕ್ಯಾರಿಯರ್ ತರೋಕೆ ನಾನೇ ಬತ್ತೀನಿ ಮಾಪ್ಳೆ, ಕಡೆಗೆ" ಎಂದ ಅಯ್ಯಾವು. ಅಂಗಡಿಗೆ ಅವರು ಕಡೆ ಅನ್ನುತ್ತಾರೆ. ಅವನ ದನಿ ಅವನಿಗೇ ಸಣ್ಣದಾಗಿ ಕೇಳಿಸಿತು.

"ಬಾಂಗ ಮಾಮಾ" ಎಂದ ರಾಜ್‌ಕುಮಾರ್. "ಕಡೆ ತೆಗೆದೇ ಇರ್ತದೆ. ನಿಮ್ಗೆ ಮಾರಕ್ಕೆ ಮಾತ್ರ ನಂತಾವ ಈಗ ಏನೂ ಇಲ್ಲೆ."

ಅವನು ಹೋದ. ಅಯ್ಯಾವು ನೀರಿನ ಚೊಂಬು ಹಿಡಿದುಕೊಂಡು ಆ ಖಾಲಿ ಎಲೆಯ ಮುಂದೆ ನಿಂತೇ ಇದ್ದ.