ನನ್ನ ಕಣ್ಣಿಗೆ ಕಾಣುವಂಥ ಯಂತ್ರ

ದೋಣಿಗೆ ಯಾವ ಯಂತ್ರ ಬೇಕು ಎಂದು ಆರಿಸಲು ಸಾಹೇಬರು ನನ್ನನ್ನು ಕಳಿಸಿದರು. ನಾನು ನನ್ನ ಕಣ್ಣಿಗೆ ಯಾವುದು ಕಾಣುತ್ತದೋ ಅದನ್ನು ಆರಿಸಿಕೊಂಡು ಬಂದೆ. ಅದರಿಂದ ಒಬ್ಬ ಮನುಷ್ಯ ಸಾಯುವುದರಲ್ಲಿದ್ದ. ಸಾಯಲಿಲ್ಲ. ಆದರೆ ಆಮೇಲೆ ನಾನು ಅವನಿಗೆ ಮಾಡಿದ್ದು ಇನ್ನೂ ಕೆಟ್ಟದ್ದು. ಈಗ ನನಗೆ ವಯಸ್ಸಾಗಿದೆ, ಬರೆದಿಡುತ್ತೇನೆ.

ನಾನು ರಾಯಚೂರು ಜಿಲ್ಲೆಯ ಕೃಷ್ಣಾ ದಂಡೆಯವನು. ಮೆಟ್ರಿಕ್ ಮುಗಿಸಿ ಹೈದರಾಬಾದಿಗೆ ಬಂದು, ನಾಂಪಲ್ಲಿಯ ಒಂದು ವರ್ಕ್‌ಶಾಪಿನಲ್ಲಿ ಡೀಸೆಲ್ ಎಂಜಿನ್ ಕೆಲಸ ಕಲಿತೆ. ನೀರಿನ ಭಯವಿಲ್ಲದವನು ಎಂದು ಯಾರೋ ಮೋಟಾರು ದೋಣಿಯ ಕೆಲಸಕ್ಕೆ ಕರೆದರು. ಹಾಗೆ ಮೀಸೆ ಹಣ್ಣಾಗುವವರೆಗೆ ದೋಣಿ ನಡೆಸಿದೆ. ಕೊನೆಗೆ ಒಬ್ಬ ಸಾಹೇಬರ ಖಾಸಗಿ ದೋಣಿಗೆ ಸೇರಿಕೊಂಡೆ. ಅವರು ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಕಲಿಸುವ ಸಂಸ್ಥೆ ನಡೆಸುತ್ತಿದ್ದರು. ಆಗ ಊರಿಗೆ ಊರೇ ಕಂಪ್ಯೂಟರ್ ಕಲಿಯುತ್ತಿತ್ತು. ಅವರ ಮೆಟ್ಟಿಲ ಮೇಲೆ ಚಪ್ಪಲಿ ಬಿಡಲು ಜಾಗ ಸಿಗುತ್ತಿರಲಿಲ್ಲ. ನಗರದಾಚೆ ಒಂದು ಜಲಾಶಯದ ದಂಡೆಯಲ್ಲಿ ಅವರು ತೋಟದ ಮನೆ ಕಟ್ಟಿಸಿದ್ದರು. ಮುಂಬೈಯಿಂದ ಲಾರಿಯ ಮೇಲೆ ಒಂದು ಹಳೆಯ ಮೋಟಾರು ದೋಣಿ ತರಿಸಿದ್ದರು. ಭಾನುವಾರ ದೊಡ್ಡ ಕಂಪನಿಗಳ ಜನರನ್ನು ಕರೆತಂದು ನೀರಿನ ಮೇಲೆ ತಿರುಗಾಡಿಸುವುದು ಅವರ ಖುಷಿ.

ಆ ಜಲಾಶಯದ ತಳದಲ್ಲಿ ಒಂದು ಹಳೆಯ ಊರಿನ ಹೊಲಗಳಿದ್ದವು. ಕಲ್ಲಿನ ಬದುಗಳು, ಕಡಿದುಳಿದ ಹುಣಸೆ ಬುಡಗಳು, ಒಂದು ಕೆರೆಯ ಏರಿ. ಮಳೆಗಾಲದಲ್ಲಿ ಅವೆಲ್ಲ ಆಳದಲ್ಲಿ ಮುಳುಗಿರುತ್ತಿದ್ದವು. ಬೇಸಿಗೆಯಲ್ಲಿ ನೀರು ಇಳಿದಂತೆ ಒಂದೊಂದಾಗಿ ಮೇಲೆ ಬರುತ್ತಿದ್ದವು. ಇದಕ್ಕಾಗಿ ನಮ್ಮ ದೋಣಿಯಲ್ಲಿ ಎರಡು ಏರ್ಪಾಡಿದ್ದವು. ಒಂದು, ಕೆಳಗೆ ಎಷ್ಟು ನೀರಿದೆ ಎಂದು ತೋರಿಸುವ ಹಳೆಯ ಮೀಟರು. ದುಂಡನೆಯ ಗಾಜಿನೊಳಗೆ ಕೆಂಪು ದೀಪ ಮಿಣುಕುತ್ತಿತ್ತು. ಇನ್ನೊಂದು, ದೋಣಿಯ ಮೂತಿಯಲ್ಲಿ ನಿಂತು, ನೀರು ನೋಡಿ ಕೈಸನ್ನೆ ಮಾಡುವ ನನ್ನ ಜೊತೆಗಾರ. ಅವನು ಯಾದಗಿರಿ ಕಡೆಯವನು, ಹೈದರಾಬಾದಿನ ಮಣಿಕೊಂಡದಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದವನನ್ನು ನಾನೇ ಕರೆತಂದಿದ್ದೆ. ಎಂಜಿನ್ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲ. ಬಲಗೈ ಚಾಚಿದರೆ ಬಲಕ್ಕೆ, ಎಡಗೈ ಚಾಚಿದರೆ ಎಡಕ್ಕೆ, ಕೈ ನೆಟ್ಟಗೆ ಮೇಲೆತ್ತಿದರೆ ನಿಲ್ಲಿಸಬೇಕು. ಇಷ್ಟೇ ನಮ್ಮಿಬ್ಬರ ಭಾಷೆ.

ಒಂದು ಮಳೆಗಾಲದ ಆರಂಭದಲ್ಲಿ ಆ ಮೀಟರಿನ ದೀಪ ಆರಿತು. ತೆರೆದು ನೋಡಿದೆ, ಒಳಗೆಲ್ಲ ಹಸಿರು ತುಕ್ಕು. ಬಿಡಿಭಾಗ ಸಿಗುವ ಕಾಲ ಮುಗಿದಿತ್ತು. "ಕೊತ್ತದಿ ತೀಸ್ಕೊ, ಹೊಸದು ತಗೊ. ಏನು ಬೇಕೋ ನೀನೇ ನೋಡಿ ತಾ," ಎಂದರು ಸಾಹೇಬರು. ನನ್ನ ಮೇಲೆ ಅವರಿಗೆ ಅಷ್ಟು ನಂಬಿಕೆ.

ಅವರಿಗೆ ಗೊತ್ತಿಲ್ಲದ್ದು ನನ್ನ ಕಣ್ಣಿನ ವಿಷಯ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಗಿನ ಹೊತ್ತು ಹೇಗೋ ನಡೆಯುತ್ತಿತ್ತು. ಬಿಸಿಲು ಎದುರಿಗೆ ಬಂದರೆ ಜಗತ್ತಿನ ಮೇಲೆ ಯಾರೋ ಹಿಟ್ಟು ತೂರಿದ ಹಾಗೆ ಬೆಳ್ಳಗಾಗುತ್ತಿತ್ತು. ಡಾಕ್ಟರು ಆಪರೇಷನ್ ಮಾಡಿಸಿಕೊ ಎಂದಿದ್ದರು. ನನ್ನ ಅಣ್ಣ ಹಿಂದೆ ಊರಿನ ಶಿಬಿರದಲ್ಲಿ ಪೊರೆ ತೆಗೆಸಿಕೊಂಡು, ಕಣ್ಣು ಕೀವಾಗಿ, ಗೋಡೆ ಹಿಡಿದು ನಡೆಯುವಂತಾಗಿದ್ದ. ಅವನು ಗೋಡೆ ತಡಕುವ ಕೈ ನೆನಪಾದರೆ ಡಾಕ್ಟರ ಚೀಟಿಯನ್ನು ಮತ್ತೆ ಮಡಚಿಡುತ್ತಿದ್ದೆ. ಆಪರೇಷನ್ನಿಗೂ ಹೆದರಿದೆ, ಕೆಲಸ ಹೋಗುವುದಕ್ಕೂ ಹೆದರಿದೆ. ಹೆಂಡತಿಗೂ ಹೇಳದೆ ಮುಚ್ಚಿಟ್ಟೆ.

ಹೈದರಾಬಾದಿನಲ್ಲಿ ದೋಣಿಯ ಯಂತ್ರ ಮಾರುವವರು ಯಾರು? ವಿಚಾರಿಸುತ್ತ ಕೋಠಿಯ ಗಲ್ಲಿಯಲ್ಲಿ ವೈರ್‌ಲೆಸ್ ಸೆಟ್ಟು, ಸ್ಪೀಕರು ಮಾರುವ ಒಂದು ಅಂಗಡಿಗೆ ಹೋದೆವು. ಜೊತೆಗಾರನೂ ಬಂದಿದ್ದ. ಅಂಗಡಿಯ ಮುದುಕ ನಮ್ಮ ಮಾತು ಕೇಳಿ, "ಕ್ಯಾ ಮಿಯಾ, ಹೈದರಾಬಾದ್ ಮೆ ಸಮಂದರ್ ಕಬ್ ಆಯಾ?" ಎಂದು ನಕ್ಕ.

"ಉಳಿದಿದ್ದೆಲ್ಲಾ ಬಂದೈತ್ರಿ ಕಾಕಾರ, ಸಮುದ್ರ ಒಂದು ಬರೋದು ಬಾಕಿ," ಎಂದು ನನ್ನ ಜೊತೆಗಾರ ಕನ್ನಡದಲ್ಲಿ ನನ್ನ ಕಿವಿಯಲ್ಲಿ ಅಂದ.

ಮುದುಕ ಮುಂಬೈಯಿಂದ ಎರಡು ಯಂತ್ರ ತರಿಸಿಕೊಟ್ಟ. ಅಂಗಡಿಯ ಗಾಜಿನ ಮೇಲೆ ಎರಡನ್ನೂ ಇಟ್ಟು ಚಾಲೂ ಮಾಡಿ ತೋರಿಸಿದ. ಒಂದು ನೀರಿನ ಆಳ ಅಳೆಯುವುದು. ದೋಣಿಯ ಹಿಂಭಾಗದಲ್ಲಿ ನೀರಿಗೆ ಮುಳುಗುವ ಒಂದು ಬಿಲ್ಲೆ, ಅದರ ವೈರು, ಮುಂದೆ ಅಂಗೈಯಗಲದ ಬೂದು ಪರದೆ. ಅದರಲ್ಲಿ ಸಣ್ಣ ಕಪ್ಪು ಅಂಕಿಗಳು. ಇನ್ನೊಂದು ಜಿಪಿಎಸ್. ಬಣ್ಣದ ದೊಡ್ಡ ಪರದೆ, ದೋಣಿಯ ಜಾಗದಲ್ಲಿ ಒಂದು ಬಾಣ, ದೋಣಿ ಹೋದ ದಾರಿಗೆಲ್ಲ ಹಿಂದೆ ಒಂದು ಗೆರೆ.

ನಾನು ಬೂದು ಪರದೆಯ ಮೇಲೆ ಬಗ್ಗಿದೆ. ಅಂಕಿಗಳಿದ್ದಲ್ಲಿ ಇರುವೆ ಸತ್ತು ಬಿದ್ದ ಹಾಗೆ ಏನೋ ಕಂಡಿತು. ಬಣ್ಣದ ಪರದೆಯ ಕೆಂಪು ಗೆರೆ ಮಾತ್ರ ನಿಂತಲ್ಲಿಂದಲೇ ಕಾಣುತ್ತಿತ್ತು.

"ಇದೇ ಇರಲಿ," ಎಂದು ಜಿಪಿಎಸ್ ಮೇಲೆ ಕೈಯಿಟ್ಟೆ.

"ಯೇ ನಕ್ಕೋ ಮಿಯಾ," ಎಂದ ಮುದುಕ. ಅವನ ಮಾತನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ: ಇದು ಬೇಡ, ಇದು ಸಮುದ್ರದವರಿಗೆ. ದಂಡೆ ಕಾಣದವರಿಗೆ ತಾವೆಲ್ಲಿದ್ದೇವೆ ಎಂದು ತಿಳಿಯಬೇಕು. ನಿನ್ನ ಜಲಾಶಯದಲ್ಲಿ ನೀನೆಲ್ಲಿದ್ದೀ ಎಂದು ನಿನಗೆ ಗೊತ್ತೇ ಇರುತ್ತದೆ. ಕೆಳಗೆ ಕಲ್ಲೆಲ್ಲಿದೆ ಎಂದು ಇದಕ್ಕೆ ಗೊತ್ತಿಲ್ಲ. ಬೇಕಾದರೆ ಎರಡನ್ನೂ ಹಾಕಿಸಿಕೊ.

"ಎರಡಕ್ಕೆ ಸ್ಟೀರಿಂಗ್ ಗಾಲಿಯ ಹತ್ತಿರ ಜಾಗ ಇಲ್ಲ," ಎಂದೆ.

"ಐತಲ್ರಿ ಕಾಕಾರ, ಗಾಲಿ ಬಾಜೂಕ ಬೇಕಾದಷ್ಟು ಜಾಗ ಐತಿ," ಎಂದ ಜೊತೆಗಾರ.

"ನೀ ಸುಮ್ಮನ ನಿಂದರೋ. ಗಾಲಿ ಹಿಡಿಯಾವ ನಾನೋ ನೀನೋ?"

ಅವನು ನಕ್ಕು ಸ್ಪೀಕರುಗಳ ಕಡೆ ತಿರುಗಿದ. ನನ್ನ ಹೆದರಿಕೆ ಏನೆಂದರೆ, ಎರಡನ್ನೂ ಹಾಕಿಸಿದರೆ ಸಾಹೇಬರು ಯಾವತ್ತಾದರೂ ಪಕ್ಕದಲ್ಲಿ ನಿಂತು, ಈಗ ಎಷ್ಟು ಆಳ ತೋರಿಸುತ್ತಿದೆ ಓದು ಎಂದು ಕೇಳಿಯಾರು.

ಸಾಹೇಬರಿಗೆ ಸೆಟಲೈಟ್ ಎಂಬ ಮಾತು ಕೇಳಿಯೇ ಸಂತೋಷವಾಯಿತು. ಅತಿಥಿಗಳೆಲ್ಲ ಪರದೆಯ ಸುತ್ತ ಮುತ್ತಿದರು. ಅಷ್ಟರಲ್ಲಿ ಜಲಾಶಯ ತುಂಬಿತ್ತು. ಆ ತುಂಬಿದ ನೀರಿನ ಮೇಲೆ ತೋಟದ ಮನೆಯಿಂದ ಆಚೆ ದಂಡೆಯ ಗುಡ್ಡದವರೆಗೆ ಒಂದು ಸಲ ಹೋಗಿ ಬಂದೆ, ಗೆರೆ ಉಳಿಯಿತು. ಆಮೇಲೆ ನನ್ನ ಕೆಲಸವೆಂದರೆ ಬಾಣವನ್ನು ಆ ಗೆರೆಯ ಮೇಲೆ ಇಟ್ಟುಕೊಂಡು ಹೋಗುವುದಷ್ಟೇ. ನಾನು ನೀರನ್ನು ನೋಡುವುದನ್ನೇ ಬಿಟ್ಟೆ. ನನ್ನಷ್ಟು ನೇರವಾಗಿ ದೋಣಿ ನಡೆಸುವವರಿಲ್ಲ ಎಂದು ಸಾಹೇಬರು ಹೊಗಳಿದಾಗ ನಾಚಿಕೆಯಾಗುವ ಬದಲು ನೆಮ್ಮದಿಯಾಯಿತು.

ಆ ನೆಮ್ಮದಿ ಶಿವರಾತ್ರಿಯವರೆಗೆ ಇತ್ತು. ನೀರು ಇಳಿಯತೊಡಗಿತು. ದಂಡೆಯಲ್ಲಿ ಒಣಗಿದ ಕೆಸರಿನ ಪಟ್ಟಿ ಅಗಲವಾಗುತ್ತ ಹೋಯಿತು. ಪರದೆಯ ಮೇಲೆ ಗೆರೆ ಇದ್ದಲ್ಲೇ ಇತ್ತು, ಆದರೆ ಅದರ ಕೆಳಗಿನ ಕೆರೆ ಏರಿ ಮೇಲೆ ಬರುತ್ತಿತ್ತು. ಅದು ಎಲ್ಲಿದೆ ಎಂದು ನನಗೆ ಅಂದಾಜಿತ್ತು, ಎಷ್ಟು ಮೇಲೆ ಬಂದಿದೆ ಎಂದು ಮಾತ್ರ ತಿಳಿಯುತ್ತಿರಲಿಲ್ಲ. ಒಂದೊಂದು ಸಲ ದೋಣಿ ಆ ಜಾಗ ದಾಟುವಾಗ ಕಾಲಬೆರಳು ಚಪ್ಪಲಿಯೊಳಗೆ ಮುದುಡಿಕೊಳ್ಳುತ್ತಿದ್ದವು. ಎಂಜಿನ್ ಬಿಸಿಯಾಗುತ್ತಿದೆ ಎಂದು ಸುಳ್ಳು ಹೇಳಿ ಎಷ್ಟೋ ಭಾನುವಾರ ತಪ್ಪಿಸಿದೆ. ಇಳಿಹೊತ್ತಿನ ಸವಾರಿಯಂತೂ ಬೇಡವೇ ಬೇಡ ಎನ್ನುತ್ತಿದ್ದೆ.

"ಇತ್ತೀಚಿಗೆ ನಿಮಗಿಂತಾ ಎಂಜಿನ್ನಿಗೆ ವಯಸ್ಸಾಗ್ಯದ್ರಿ ಕಾಕಾರ," ಎಂದು ಜೊತೆಗಾರ ಛೇಡಿಸುತ್ತಿದ್ದ. ಕೈಗೆ ಕೆಂಪು ವಸ್ತ್ರ ಕಟ್ಟಿಕೋ, ನನಗೆ ಚೆನ್ನಾಗಿ ಕಾಣಲಿ ಎಂದು ಅವನಿಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಯಾಕ್ರೀ ಎಂದರೆ ಏನು ಹೇಳುವುದು?

ಒಂದು ದಿನ ತಪ್ಪಿಸಲು ಆಗಲಿಲ್ಲ. ಪರದೇಶದ ಅತಿಥಿಗಳಿದ್ದರು, ಗುಡ್ಡದ ಹಿಂದೆ ಸೂರ್ಯ ಇಳಿಯುವುದನ್ನು ನೀರಿನ ಮೇಲಿನಿಂದಲೇ ನೋಡಬೇಕೆಂದರು. ಸಾಹೇಬರೂ ಹತ್ತಿದರು, ಹೊರಟೆವು. ಪಶ್ಚಿಮಕ್ಕೆ ಮುಖ. ಸೂರ್ಯ ನೇರವಾಗಿ ನನ್ನ ಕಣ್ಣೊಳಗೇ ಇಳಿಯುತ್ತಿದ್ದ. ದೋಣಿಯ ಮೂತಿಯೂ ಅಲ್ಲಿ ನಿಂತವನೂ ಬೆಳಕಿನಲ್ಲಿ ಕರಗಿಹೋಗಿದ್ದರು. ನನಗೆ ಕಾಣುತ್ತಿದ್ದದ್ದು ಪರದೆಯ ಕೆಂಪು ಗೆರೆ ಒಂದೇ. ನಿಧಾನ ಮಾಡಿದರೆ ಯಾಕೆ ಎಂದು ಕೇಳಿಯಾರು ಎಂದು ವೇಗವನ್ನೂ ಇಳಿಸಲಿಲ್ಲ.

ದೋಣಿ ಏನನ್ನೋ ಹತ್ತಿದ ಹಾಗಾಯಿತು. ಆಮೇಲೆ ಕೆಳಗಿನಿಂದ ತಳ ಸೀಳುವ ಸದ್ದು. ನನ್ನ ಎದೆ ಗಾಲಿಗೆ ಬಡಿಯಿತು. ಎಂಜಿನ್ ನಿಂತಿತು. ಅತಿಥಿಗಳಲ್ಲಿ ಒಬ್ಬಾಕೆ ಚೀರಿದಳು. ನಾನು ಮುಂದಕ್ಕೆ ನೋಡಿದೆ, ಬರೀ ಬೆಳಕು. ಮೂತಿಯಲ್ಲಿ ನಿಂತಿದ್ದ ಜೊತೆಗಾರನನ್ನು ಕೂಗಿದೆ. ಉತ್ತರವಿಲ್ಲ. ಅವನಿಗೆ ಈಜು ಬರುವುದಿಲ್ಲ ಎಂಬುದು ಆ ಗಳಿಗೆಯಲ್ಲಿ ನೆನಪಾಯಿತು. ದೋಣಿಯ ಅಂಚಿಗೆ ಬಗ್ಗಿ ನೀರಿನ ಮೇಲೆ ಕೈಯಿಟ್ಟು ಕುರುಡನ ಹಾಗೆ ತಡಕಿದೆ. ನನ್ನ ಅಣ್ಣ ಗೋಡೆ ತಡಕುತ್ತಿದ್ದ ಹಾಗೆಯೇ.

ಅಷ್ಟರಲ್ಲಿ ನೀರು ಕಲಕಿದ ಸದ್ದಾಯಿತು. ದೋಣಿಯ ಪಕ್ಕದಲ್ಲೇ ಅವನು ಎದ್ದು ನಿಂತ. ಜಲಾಶಯದ ನಟ್ಟನಡುವೆ ಸೊಂಟದ ಮಟ್ಟದ ನೀರಿನಲ್ಲಿ, ಕೆರೆ ಏರಿಯ ಮೇಲೆ. ಒಂದು ತೋಳು ಜೋತುಬಿದ್ದಿತ್ತು.

"ಕಾಕಾರ, ಇಲ್ಲಿ ಕಟ್ಟಿ ಐತ್ರಿ," ಎಂದ.

ಅವನು ಬದುಕಿದ್ದಾನೆಂಬ ಸಮಾಧಾನಕ್ಕೆ ಸಾಹೇಬರು ನಕ್ಕೇಬಿಟ್ಟರು. ಮೀನುಗಾರರ ತೆಪ್ಪಗಳು ಬಂದು ಎಲ್ಲರನ್ನೂ ದಡ ಸೇರಿಸಿದವು. ದಡದಲ್ಲಿ ಸಾಹೇಬರ ನಗು ಇಂಗಿತು. "ಏಮಯ್ಯಾ, ಏನಾಯಿತು?" ಎಂದು ನನ್ನನ್ನು ಕೇಳಿದರು.

ಆಗ ನಿಜ ಹೇಳಬಹುದಿತ್ತು. ನನ್ನ ನಾಲಿಗೆ ನನಗಿಂತ ಮೊದಲೇ ಹೆದರಿತ್ತು. "ಇವನು ಕೈ ಎತ್ತಿದ್ದು ತಡವಾಯಿತು ಸಾರ್," ಎಂದೆ.

ಅವನು ನೋವಿನಲ್ಲಿ ಹಲ್ಲು ಕಚ್ಚಿ, "ಉಠಾಯಾ ಸಾಬ್, ಟೈಂ ಪೇ ಉಠಾಯಾ," ಹೊತ್ತಿಗೆ ಸರಿಯಾಗಿಯೇ ಎತ್ತಿದೆ, ಎಂದ. ಸಾಹೇಬರು ನನ್ನ ಮುಖ ನೋಡಿದರು. ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವರು ನನ್ನನ್ನು ನಂಬಿದರು.

ಆಸ್ಪತ್ರೆಯಲ್ಲಿ ಅವನ ಬಲ ಭುಜಕ್ಕೆ ಪಟ್ಟಿ ಹಾಕಿದ್ದರು. ನಾನು ಮೂಸಂಬಿ ತೆಗೆದುಕೊಂಡು ಹೋದೆ.

"ಕಾಕಾರ, ನಾ ಕೈ ಎತ್ತಿದ್ನೆಲ್ರಿ. ಏರಿ ಕಂಡ ಕೂಡ್ಲೇ ಎತ್ತಿದ್ನಿ."

"ಎತ್ತಿದಿ. ತಡ ಮಾಡಿ ಎತ್ತಿದಿ."

"ನನಗ ಹಂಗ ಅನಸಲಿಲ್ರಿ."

"ನೀರಿನ ಮ್ಯಾಲ ಹೊತ್ತು ತಿಳಿಯಂಗಿಲ್ಲೋ ತಮ್ಮಾ."

ಅವನು ಎಡಗೈಯಿಂದ ಭುಜದ ಪಟ್ಟಿ ಸರಿಮಾಡಿಕೊಂಡ. ಆಮೇಲೆ, "ಇರಬೇಕ್ರಿ. ನೀವು ಹಿರ್‍ಯಾರು, ನಿಮಗ ಗೊತ್ತಿರ್ತದ," ಎಂದ. ಅವನ ಹೆಂಡತಿ ಪಕ್ಕದಲ್ಲೇ ಕೂತಿದ್ದಳು. "ಮನ್ಯಾಗೂ ಹಂಗ, ಎಲ್ಲಾದಕ್ಕೂ ತಡಾನ. ಇವತ್ತ ನಾಕು ಮಂದೀನ್ನ ಮುಳಗಸ್ತಿದ್ದಿ," ಎಂದು ಅವನನ್ನು ಬೈದಳು. ನಾನು ಮೂಸಂಬಿ ಸುಲಿಯುತ್ತ ಕೂತಿದ್ದೆ.

ಸಾಹೇಬರು ಅವನನ್ನು ಕೆಲಸದಿಂದ ಬಿಡಿಸಿದರು. ದೋಣಿ ರಿಪೇರಿಯಾಗುವ ಮೊದಲೇ ನಾನೂ ಬೆನ್ನುನೋವೆಂದು ಹೇಳಿ ಬಿಟ್ಟೆ. ಕೊನೆಗೆ ಹೆಂಡತಿಗೆ ಗೊತ್ತಾಗಿ, ಅವಳೇ ಜಗ್ಗಿಕೊಂಡು ಹೋಗಿ ಆಪರೇಷನ್ ಮಾಡಿಸಿದಳು. ಅದು ಊಟ ಮಾಡಿ ಕೈ ತೊಳೆಯುವಷ್ಟು ಹೊತ್ತಿನ ಕೆಲಸ. ಪಟ್ಟಿ ಬಿಚ್ಚಿದ ಮೇಲೆ ಒಂದು ದಿನ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ರಸ್ತೆಯ ಆ ತುದಿಯಲ್ಲಿ ಯಾರೋ ಒಬ್ಬ ಬಸ್ಸಿಗೆ ಕೈ ಎತ್ತಿದ. ಅಷ್ಟು ದೂರದಿಂದ ನನಗೆ ಅವನ ಬೆರಳುಗಳು ಕಂಡವು. ಬಸ್ ಹತ್ತದೆ ಅಲ್ಲೇ ಕಟ್ಟೆಯ ಮೇಲೆ ಕೂತೆ. ದೋಣಿಯ ಮೂತಿ ನನ್ನಿಂದ ಎಷ್ಟು ಹತ್ತಿರವಿತ್ತು!

ಆಮೇಲೂ ಹೋಗಲಿಲ್ಲ. ಅವನು ಹೊಡೆದಾನು, ನಾಲ್ಕು ಜನರನ್ನು ಸೇರಿಸಿಯಾನು, ನನ್ನ ಮಗಳ ಮನೆಯವರೆಗೆ ಸುದ್ದಿ ಮುಟ್ಟೀತು ಎಂದು ವರ್ಷಗಳನ್ನೇ ಕಳೆದೆ. ಭಾರ ಎತ್ತುವ ಭುಜ ಹೋದ ಮೇಲೆ ಅವನು ಮಣಿಕೊಂಡದ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಆಗಿದ್ದಾನೆಂದು ಊರಿನ ಕಡೆಯವರು ಹೇಳಿದರು. ಕಳೆದ ವರ್ಷ ಹೋದೆ. ಲಿಫ್ಟಿನ ಪಕ್ಕ ಒಂದೇ ಕೋಣೆಯ ಮನೆ. ನನ್ನನ್ನು ಕಂಡು ಅವನು ಹಿಗ್ಗಿದ. ಎಡಗೈಯಿಂದ ಪ್ಲಾಸ್ಟಿಕ್ ಕುರ್ಚಿ ಎಳೆದು ಕೊಟ್ಟ.

ನಾನು ಕೂರುವ ಮೊದಲೇ ಹೇಳಿಬಿಟ್ಟೆ. ಕಣ್ಣು, ಕೋಠಿಯ ಅಂಗಡಿ, ಸೂರ್ಯ, ಎಲ್ಲ. "ನೀ ತಡ ಮಾಡಿರಲಿಲ್ಲ. ನಿನ್ನ ಕೈ ನನಗ ಕಾಣಲೇ ಇಲ್ಲ," ಎಂದೆ.

ಒಂದು ಕಾರು ಬಂದು ಹಾರ್ನ್ ಮಾಡಿತು. ಅವನು ಹೋಗಿ ಗೇಟು ತೆಗೆದು ಬಂದ. "ಹಂಗಾರ ನಾ ಟೈಮಿಗೇ ಎತ್ತಿದ್ನಿ ಅಂತೀರಿ?"

"ಹೌದು."

ಒಳಗೆ ತಿರುಗಿ ಕೂಗಿದ: "ಏ, ಹೊರಗ ಬಾ ಇಲ್ಲೆ. ಕಾಕಾರ ಏನ್ ಅನ್ನಾಕತ್ತಾರ ಕೇಳು." ಹೆಂಡತಿ ಕೈ ಒರೆಸುತ್ತ ಬಂದಳು. "ಇನ್ನೊಮ್ಮೆ ಹೇಳ್ರಿ," ಎಂದ. ಹೇಳಿದೆ. ಅವಳು ಗಂಡನನ್ನು ನೋಡಿದಳು, ನನ್ನನ್ನು ನೋಡಿದಳು.

"ಇಷ್ಟು ವರ್ಷ ನಾ ಇವರಿಗೆ ದಿನಾ ಅಂದೀನ್ರಿ ಆ ಮಾತು, ಕೈ ಎತ್ತೂದು ತಡ ಮಾಡಿದಿ ಅಂತ," ಎಂದಳು. "ಊಟಕ್ಕ ಬಾ ಅಂದ್ರ ಬರೋದು ತಡ ಆದ್ರೂ ಅದನ್ನ ಅಂದೀನಿ. ಎಲ್ಲಿ ಸತ್ತಿದ್ರಿ ನೀವು?"

ಚಹಾ ಬೇಕೇ ಎಂದು ಇಬ್ಬರೂ ಕೇಳಲಿಲ್ಲ. ನಾನು ಹೊರಡಲು ತಿರುಗಿದೆ. ಅವನು ನನ್ನ ಭುಜ ಒತ್ತಿ ಕೂರಿಸಿದ. ಮೆತ್ತಗೆ ಒತ್ತಲಿಲ್ಲ.

"ಕುಂದರ್ರಿ. ನಮ್ಮ ಮಗಳು ಕೆಲಸದಿಂದ ಬರೋ ಹೊತ್ತಾತು. ಆಕೀನೂ ಅವರವ್ವನ ಮಾತ ಕೇಳಿ ಬೆಳೆದಾಳ. ಆಕಿ ಮುಂದೂ ಹೇಳಿ ಹೋಗ್ರಿ."

ಅವನು ಗೇಟಿನ ಬಳಿ ಹೋಗಿ ನಿಂತ. ಅವಳು ಒಳಗೆ ಹೋದಳು, ಪಾತ್ರೆಗಳ ಸದ್ದು ಜೋರಾಗಿ ಕೇಳಿಸುತ್ತಿತ್ತು. ಕಂಪನಿಗಳಿಂದ ಮರಳುವವರ ಕಾರು, ಬೈಕು ಬರತೊಡಗಿದವು. ಪ್ರತಿ ಸಲ ಗೇಟು ಕಿರುಗುಟ್ಟಿದಾಗ ತಿರುಗಿ ನೋಡುತ್ತಿದ್ದೆ. ಆ ಹುಡುಗಿಯನ್ನು ನಾನು ಆಸ್ಪತ್ರೆಯಲ್ಲಿ ಒಮ್ಮೆ ನೋಡಿದ್ದೆ, ಅಪ್ಪನ ಮಂಚದ ಕೆಳಗೆ ಮಲಗಿದ್ದಳು. ಈಗ ಎಷ್ಟು ದೊಡ್ಡವಳಾಗಿದ್ದಾಳೋ, ಏನು ಕೇಳುತ್ತಾಳೋ. ಹೇಳಬೇಕಾದ ಮಾತನ್ನು ಬಾಯೊಳಗೇ ಜೋಡಿಸಿಕೊಳ್ಳುತ್ತ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದು ಕೂತೆ.